ಕಲ್ಲಿನ ಮೇಲಿನ ಎಲ್ಲೆ

ಹಿರೇಕೆರೂರ ಸೀಮೆಯ ಅಬಲೂರಿನಲ್ಲಿ ಶಿವಭಕ್ತ ಏಕಾಂತದ ರಾಮಯ್ಯನು ಜೈನರನ್ನು ಗೆದ್ದ ಕಥೆಯನ್ನು ಸಾರುವ ಶಾಸನವು ಹಾನಗಲ್ಲ ಕದಂಬ ಅರಸ ಕಾಮದೇವನ ದಾನವನ್ನೂ ಹೇಳುತ್ತದೆ. ಇಂತಹ ದಾನಶಾಸನಗಳನ್ನೋದುವಾಗಲೆಲ್ಲ ನನ್ನಲ್ಲೊಂದು ಜಿಜ್ಞಾಸೆ ಹುಟ್ಟುವುದುಂಟು: ಕೊಟ್ಟ ನೆಲವೆಷ್ಟು ಮತ್ತರು, ಅದನ್ನಳೆದ ಗಳೆ, ಎಂದರೆ ಅಳತೆಗೋಲು, ಯಾವುದು, ಯಾವ ಹಳ್ಳದಿಂದ ಯಾವ ಮರದವರೆಗೆ ಅದರ ಎಲ್ಲೆ ಎಂಬುದನ್ನೆಲ್ಲ ಓಲೆಯ ಕಟ್ಟಿನೊಳಗೆ ಅಡಗಿಸಿಡದೆ, ದೇಗುಲಕ್ಕೆ ಬಂದವರೆಲ್ಲರ ಕಣ್ಣಿಗೆ ಬೀಳುವಂತೆ ಕಲ್ಲಿನಲ್ಲಿ ಕಂಡರಿಸಿದವರು, ನೆಲವು ಒಬ್ಬನದಾದರೂ ನೆಲದ ಅರಿವು ಎಲ್ಲರದೆಂದು ಬಗೆದಿದ್ದರಲ್ಲವೆ?

ನಕಾಶೆಗಳನ್ನೂ ಉಪಗ್ರಹಚಿತ್ರಗಳನ್ನೂ ಕಾಪಿಡುವ ಗ್ರಂಥಾಲಯಕ್ಕೆ ಇಂದು ಒದಗಿರುವುದೂ ಇದೇ ಪ್ರಶ್ನೆ. 2021ರಲ್ಲಿ ಕೇಂದ್ರ ಸರಕಾರವು ಭೂದತ್ತಾಂಶದ ಮೇಲಿನ ಹಳೆಯ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿತು. ‘ದಿಶಾಂಕ್’ ಆ್ಯಪ್ ತೆರೆದ ಶಿಗ್ಗಾಂವಿಯ ರೈತನಿಗೆ ತಾನು ನಿಂತ ಹೊಲದ ಸರ್ವೆ ನಂಬರು ತೋರುತ್ತದೆ. ಸಂತೋಷವೇ. ಆದರೆ ಗ್ರಂಥಾಲಯದ ಭಂಡಾರದೊಳಗಿರುವುದು ಒಂದೇ ನೆಲದ ಅನೇಕ ಸತ್ಯಗಳು. ಹಾನಗಲ್ಲು ಹಿಂದೆ ಮುಂಬಯಿ ಆಧಿಪತ್ಯದ್ದಾಗಿತ್ತು, ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಎರಡರ ದಫ್ತರವೂ ಬೇರೆ. ಅಳತೆಗಳೂ ಬೇರೆ: 33 ಅಡಿಯ ಸರಪಳಿಯ ಚೌಕವೊಂದು ಗುಂಟೆ, 40 ಗುಂಟೆಗೆ ಎಕರೆ; ಶಾಸನದ ಮತ್ತರಾದರೋ ಗಳೆಯೊಡನೆ ಬದಲಾಗುವಂಥದು. ಸರ್ವೇಕ್ಷಣಾ ಇಲಾಖೆಯ ಹಳೆಯ ಹಾಳೆಗಳು ಭೂಮಿಯ ಆಕೃತಿಯನ್ನು ಎವರೆಸ್ಟ್ ಎಂಬ ಹಳೆಯ ಲೆಕ್ಕದಂತೆ ಹಿಡಿದರೆ, 2005ರ ನಕಾಶೆ ನೀತಿಯ ಬಳಿಕ ಬಂದ ಸಾರ್ವಜನಿಕ ಹಾಳೆಗಳು ಡಬ್ಲ್ಯುಜಿಎಸ್ 84 ಎಂಬ ಇನ್ನೊಂದು ಲೆಕ್ಕದಂತೆ ಹಿಡಿಯುತ್ತವೆ. ಆದುದರಿಂದ ಹಾನಗಲ್ಲ ತಾರಕೇಶ್ವರ ದೇವಾಲಯವು ಅಂಗುಲವೂ ಕದಲದೆಯೇ ಅದಕ್ಕೆ ಎರಡೆರಡು ಅಕ್ಷಾಂಶ ರೇಖಾಂಶಗಳು ಪ್ರಾಪ್ತವಾಗುತ್ತವೆ.

ಯಾವುದು ನಿಜ? ಅಬಲೂರಿನ ಕಲ್ಲು ಸೋತರೆಂದು ಹೇಳುವ ಆ ಜೈನರ ಸ್ಯಾದ್ವಾದಕ್ಕೇ ನಾನಿಲ್ಲಿ ಶರಣುಹೋಗುತ್ತೇನೆ. ಒಂದು ನಯದಿಂದ, ಎಂದರೆ ಒಂದು ದೃಷ್ಟಿಯಿಂದ, ಇದು ಸತ್ಯ, ಇನ್ನೊಂದು ನಯದಿಂದ ಅದೂ ಸತ್ಯ. ನಯವನ್ನು ಮರೆಮಾಚಿ ನುಡಿದಾಗ ಮಾತ್ರ ಎರಡೂ ಅಸತ್ಯ. ನಕಾಶೆಯ ಅಂಚಿನಲ್ಲಿರುವ ಅಳತೆಯ ಪ್ರಮಾಣ, ವರ್ಷ, ಅಳೆದ ರೀತಿ, ಇವೇ ಅದರ ನಯ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯದು ಶಾಸ್ತ್ರದಾನವೆನಿಸಿತು; ಆದರೆ ನಕಾಶೆಯ ಅಂಚನ್ನು ಕತ್ತರಿಸಿ ಚಿತ್ರವನ್ನಷ್ಟೇ ಹಂಚುವುದನ್ನು ನಾನು ದಾನವೆನ್ನಲಾರೆ, ಏಕೆಂದರೆ ಅಂತಹ ಚಿತ್ರವನ್ನು ನೆಚ್ಚಿ ಇಬ್ಬರು ದಾಯಾದಿಗಳು ಒಂದೇ ಬದುವಿಗಾಗಿ ಜೀವಮಾನವಿಡೀ ಹೊಡೆದಾಡಿಯಾರು.

ನಮ್ಮ ತಾಲೂಕಿನ ವಾಚನಾಲಯಗಳಲ್ಲಿ ಹಳ್ಳಿಗನೊಬ್ಬನು ತನ್ನೂರ ನಕಾಶೆಯನ್ನು ಕೇಳಿದಾಗ, ಗ್ರಂಥಪಾಲಕನು ಹಾಳೆಯನ್ನು ಬಿಡಿಸಿ ಮೇಜಿನ ಮೇಲೆ ಹರಡಿ, ಮೊದಲು ಅದರ ಕೆಳಗಿನ ಸಣ್ಣಕ್ಷರಗಳನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಬೇಕೆಂದು ನನ್ನಾಸೆ.