ಮೂರು ಸಲ ನೀರು, ಒಂದೇ ಹೆಸರು

ಗೆಳೆಯರೊಬ್ಬರ ಮೊಮ್ಮಗನ ದೀಕ್ಷಾಸ್ನಾನಕ್ಕೆ ಹೋಗಿದ್ದೆ. ಫಾದರ್ ಪುಟ್ಟ ಬಟ್ಟಲಿನಿಂದ ಮಗುವಿನ ನೆತ್ತಿಗೆ ನೀರು ಹೊಯ್ದರು. ಪಿತನ ಎನ್ನುವಾಗ ಒಂದು ಸಲ, ಸುತನ ಎನ್ನುವಾಗ ಒಂದು ಸಲ, ಪವಿತ್ರಾತ್ಮನ ಎನ್ನುವಾಗ ಮತ್ತೊಂದು ಸಲ. ಮೂರನೆಯದಕ್ಕೆ ಮಗು ಕಿಟಾರನೆ ಕಿರುಚಿತು. ಆ ಗದ್ದಲದಲ್ಲೂ ನನ್ನ ಕಿವಿಗೆ ಬಿದ್ದದ್ದು ಕೊನೆಯ ಪದ: ‘ನಾಮದಲ್ಲಿ’. ನೀರು ಮೂರು ಸಲ, ನಾಮ ಒಂದೇ. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲೂ ಅದು ಏಕವಚನವೇ.

ಪಕ್ಕದಲ್ಲಿ ಕೂತಿದ್ದ ಹಿರಿಯರು, “ನಮ್ಮ ಬ್ರಹ್ಮ ವಿಷ್ಣು ಮಹೇಶ್ವರ ಇದ್ದ ಹಾಗೆ ಕಣ್ರೀ” ಎಂದು ಪಿಸುಗುಟ್ಟಿದರು. ನಾವೆಲ್ಲ ಮೊದಲು ಹೋಗಿ ನಿಲ್ಲುವುದು ಅಲ್ಲಿಯೇ. ಆದರೆ ಸೃಷ್ಟಿ ಒಬ್ಬರಿಗೆ, ಸ್ಥಿತಿ ಒಬ್ಬರಿಗೆ, ಲಯ ಒಬ್ಬರಿಗೆ ಎಂದು ಕೆಲಸ ಹಂಚಿಕೊಟ್ಟ ಲೆಕ್ಕ ಕ್ರೈಸ್ತರ ತ್ರಿತ್ವದಲ್ಲಿಲ್ಲ. ನಾನೇನು ಕಮ್ಮಿ, ಊಟದ ಹೊತ್ತಿಗೆ ಫಾದರ್ ಮುಂದೆ ನನ್ನದೊಂದು ಉಪಮೆ ಇಟ್ಟೆ: ನೀರು, ಮಂಜುಗಡ್ಡೆ, ಹಬೆ. ಅವರು ನಕ್ಕರು. “ಹೀಗೇ ಹೇಳಿದ ಸಬೆಲ್ಲಿಯಸ್‌ನನ್ನ ಧರ್ಮಸಭೆ ಮೂರನೇ ಶತಮಾನದಲ್ಲೇ ಹೊರಗೆ ಹಾಕಿತು ಸಾರ್” ಎಂದರು. ಒಬ್ಬನೇ ದೇವರು ಮೂರು ವೇಷ ಕಟ್ಟುತ್ತಾನೆ ಎನ್ನುವುದಾದರೆ, ಯೇಸು ಯೊರ್ದಾನ್ ನದಿಯಲ್ಲಿ ಮುಳುಗಿ ಎದ್ದಾಗ ಮಗ ನೀರಿನಲ್ಲಿ, ತಂದೆಯ ದನಿ ಆಕಾಶದಲ್ಲಿ, ಆತ್ಮ ಪಾರಿವಾಳದಂತೆ ಇಳಿಯುತ್ತಾ ಇದ್ದದ್ದು ಹೇಗೆ? ಒಬ್ಬನೇ ವೇಷಧಾರಿ ಒಂದೇ ಗಳಿಗೆಯಲ್ಲಿ ಮೂರು ಪಾತ್ರವಾಗಿ ರಂಗದ ಮೇಲೆ ನಿಲ್ಲಲಾರ.

ದೊಡ್ಡ ಜಗಳ ಹುಟ್ಟಿದ್ದು ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್‌ನಿಂದ. ಅವನ ತರ್ಕ ಮನೆಯೊಳಗಿನ ಮಾತಿನಷ್ಟು ಸರಳ: ಅಪ್ಪ ಮೊದಲು, ಮಗ ಆಮೇಲೆ. ಹಾಗಾದರೆ ಮಗ ಇಲ್ಲದ ಸ್ಥಿತಿಯೊಂದು ಇದ್ದಿರಲೇಬೇಕು. ಎಷ್ಟೇ ಎತ್ತರದವನಾದರೂ ಅವನು ಸೃಷ್ಟಿಯೇ. ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಬಿಷಪ್ಪರನ್ನೆಲ್ಲ ಇಂದಿನ ಟರ್ಕಿಯಲ್ಲಿರುವ ನಿಸೇಯಕ್ಕೆ ಕರೆಸಿದ. ತಂದೆಗೂ ಮಗನಿಗೂ ‘ಒಂದೇ ಸತ್ವ’ ಎಂದು ಅಲ್ಲಿ ತೀರ್ಮಾನವಾಯಿತು. ಅದಕ್ಕೆ ಬಳಸಿದ ‘ಹೋಮೊಊಸಿಯಸ್’ ಎಂಬ ಪದ ಬೈಬಲಿನಲ್ಲೇ ಇಲ್ಲವೆಂದು ಹಲವರಿಗೆ ಕಸಿವಿಸಿ. ಮುಂದೆ ಕೆಲವರು ‘ಹೋಮೊಯ್‌ಊಸಿಯಸ್’ ಅನ್ನೋಣ, ‘ಅಂಥದೇ ಸತ್ವ’ ಅಂದರೆ ಸಾಕಲ್ಲ ಎಂದರು. ಹೆಚ್ಚಿಗೆ ಬಂದದ್ದು ಗ್ರೀಕಿನ ಪುಟಾಣಿ ಅಕ್ಷರ ಐಯೋಟ. ನಮ್ಮ ಬರವಣಿಗೆಯಲ್ಲಾದರೆ ಒಂದು ಗುಡಿಸು. ಗುಡಿಸಿಗಾಗಿ ಬಡಿದಾಡಿದರಲ್ಲ ಎಂದು ನಗುವವರು ‘ತಂದೆ’ಗೆ ಒಂದು ಗುಡಿಸು ಹಾಕಿ ನೋಡಲಿ. ‘ತಿಂದೆ’ ಆಗುತ್ತದೆ.

ಜಗಳ ಬಿಷಪ್ಪರ ನಡುವೆಯೇ ಉಳಿಯಲಿಲ್ಲ. ಕಾನ್‌ಸ್ಟಂಟಿನೋಪಲ್ಲಿನ ಬೀದಿಯನ್ನು ನಿಸ್ಸದ ಬಿಷಪ್ ಗ್ರೆಗರಿ ಬಣ್ಣಿಸಿದ್ದಾನೆ: ಚಿಲ್ಲರೆ ಕೇಳಿದರೂ ರೊಟ್ಟಿಯ ಬೆಲೆ ಕೇಳಿದರೂ ಅಂಗಡಿಯವನು ತಂದೆ ದೊಡ್ಡವನೋ ಮಗ ಸಣ್ಣವನೋ ಎಂಬ ಚರ್ಚೆಗೇ ಇಳಿಯುತ್ತಿದ್ದನಂತೆ. ಗ್ರೆಗರಿಗೆ ಅದು ರೇಜಿಗೆ. ನನಗೇನೋ ಅಂಥ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುವ ಆಸೆ.

ಏರಿಯಸ್‌ಗೆ ಎದುರು ನಿಂತವನು ಅಥನೇಸಿಯಸ್. ನಿಸೇಯಕ್ಕೆ ಹೋದಾಗ ಇನ್ನೂ ಕಿರಿಯ ಸಭಾಸೇವಕ (ಡೀಕನ್). ಆಮೇಲೆ ಅಲೆಕ್ಸಾಂಡ್ರಿಯದ ಬಿಷಪ್ಪನಾಗಿ ಈ ಹಟಕ್ಕೆ ಐದು ಸಲ ಗಡೀಪಾರಾದ. ಅವನ ಉತ್ತರವೂ ಮನೆಯೊಳಗಿನದೇ. ಮಗನಿಲ್ಲದೆ ಯಾರೂ ತಂದೆಯಲ್ಲ. ಮನುಷ್ಯ ಮೊದಲು ಬೇರೇನೋ ಆಗಿದ್ದು ಒಂದು ದಿನ ಅಪ್ಪನಾಗುತ್ತಾನೆ; ದೇವರು ಹಾಗೆ ನಡುವೆ ತಂದೆಯಾದವನಲ್ಲ, ಎಂದೆಂದಿಗೂ ತಂದೆ. ಹಾಗಿದ್ದರೆ ಮಗನೂ ಎಂದೆಂದಿಗೂ ಇದ್ದವನೇ. ‘ತಂದೆ’ ಎಂಬುದನ್ನು ಏರಿಯಸ್ ವಯಸ್ಸಿನ ಲೆಕ್ಕದಲ್ಲಿ ಓದಿದ, ಅಥನೇಸಿಯಸ್ ಸಂಬಂಧದ ಲೆಕ್ಕದಲ್ಲಿ ಓದಿದ. ಮೂರು ಹೇಗೆ ಒಂದಾದೀತು ಎಂದು ಅಂಕಿ ಕೂಡಿಸುತ್ತಾ ಕೂತರೆ ಈ ಜಾಡು ಸಿಗುವುದಿಲ್ಲ.

ಪವಿತ್ರಾತ್ಮನ ಬಗ್ಗೆ ನಿಸೇಯದವರು ಹೇಳಿದ್ದು ಒಂದು ಚುಟುಕು ಮಾತು ಅಷ್ಟೇ. ಅದು ತುಂಬಿಕೊಂಡದ್ದು 381ರಲ್ಲಿ, ಕಾನ್‌ಸ್ಟಂಟಿನೋಪಲ್ ಸಭೆಯಲ್ಲಿ. ಆತ್ಮ ಹೊರಡುವುದು ತಂದೆಯಿಂದ ಮಾತ್ರವೋ ಮಗನಿಂದಲೂ ಹೌದೋ ಎಂಬ ವ್ಯಾಜ್ಯ ಪೂರ್ವ ಪಶ್ಚಿಮದ ಸಭೆಗಳ ನಡುವೆ ಇಂದಿಗೂ ಬಗೆಹರಿದಿಲ್ಲ.

ಕೈ ತೊಳೆದು ಬರುವಾಗ ಮಗುವಿನ ಅಪ್ಪ ಬಾಗಿಲಲ್ಲಿ ಸಿಕ್ಕ. ಹೆಗಲ ಮೇಲೆ ಮಗು ನಿದ್ದೆ ಹೋಗಿತ್ತು, ಅಂಗಿಯ ಭುಜ ಪೂರ್ತಿ ಜೊಲ್ಲು. ಎಷ್ಟು ತಿಂಗಳಾಯಿತಪ್ಪಾ ಎಂದೆ.

“ಮೂರು ಸಾರ್” ಎಂದ. ಅಪ್ಪನಾಗಿ ಅವನಿಗೂ ಅಷ್ಟೇ.