ರಾಶಿಯ ಅಡಿಯ ಒದ್ದೆ ಧಾನ್ಯ

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಧಾನ್ಯದ ರಾಶಿಯೊಂದರ ಬಳಿ ಹಾದುಹೋಗುವಾಗ ಅದರೊಳಗೆ ಕೈ ಹಾಕಿದರು. ಬೆರಳುಗಳಿಗೆ ತೇವ ತಗಲಿತು. ಮಳೆಗೆ ನೆನೆದದ್ದೆಂದು ವ್ಯಾಪಾರಿ ಹೇಳಿದನು. ಹಾಗಿದ್ದರೆ ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆಯೇ ಇಡಬೇಕಿತ್ತೆಂದು ಪ್ರವಾದಿ(ಸ)ರು ಅವನನ್ನು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಘಟನೆಯನ್ನು ನಾವು ಅಕ್ಕಿ, ಮೀನು, ಬಟ್ಟೆಯ ವ್ಯಾಪಾರಕ್ಕಷ್ಟೇ ಅನ್ವಯಿಸುತ್ತೇವೆ. ವಿಮಾನದ ಟಿಕೆಟು ಮಾರುವವರಿಗೂ ಅದು ಅನ್ವಯವಾಗುತ್ತದೆ.

ಉಮ್ರಾಕ್ಕೆ ಹೊರಟ ಕುಟುಂಬವೊಂದಕ್ಕೆ ಮಂಗಳೂರಿನಿಂದ ಮುಂಬೈಗೆ ಒಂದು ಕಂಪೆನಿಯ ಟಿಕೆಟನ್ನೂ ಮುಂಬೈಯಿಂದ ಜಿದ್ದಾಕ್ಕೆ ಇನ್ನೊಂದು ಕಂಪೆನಿಯ ಟಿಕೆಟನ್ನೂ ಕೊಡಲಾಗಿದೆಯೆಂದು ಭಾವಿಸಿರಿ. ನಡುವೆ ಎರಡು ಗಂಟೆ. ದರವೂ ಕಡಿಮೆ. ಇಡೀ ಪ್ರಯಾಣ ಒಂದೇ ಟಿಕೆಟಿನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಬೇರೆ ವಿಮಾನದಲ್ಲಿ ಕಳುಹಿಸುವ ಹೊಣೆ ಕಂಪೆನಿಯದು. ಪ್ರತ್ಯೇಕ ಟಿಕೆಟುಗಳಾದರೆ ಎರಡನೆಯ ಕಂಪೆನಿಗೆ ಆ ಕುಟುಂಬ ಬರಲೇ ಇಲ್ಲವೆಂಬುದಷ್ಟೇ ಲೆಕ್ಕ. ಹೆಚ್ಚಾಗಿ ಆ ಹಣ ಮುಳುಗುತ್ತದೆ. ಅದೇ ಟಿಕೆಟಿನಲ್ಲಿರುವ ಮರುಪ್ರಯಾಣವೂ ರದ್ದಾಗುತ್ತದೆ. ಲಗೇಜನ್ನು ಸಾಮಾನ್ಯವಾಗಿ ಮುಂಬೈಯಲ್ಲಿ ತಾವೇ ಪಡೆದು, ಹೊರಬಂದು, ಮತ್ತೆ ಒಪ್ಪಿಸಬೇಕು. ಟರ್ಮಿನಲ್ ಬೇರೆಯಾದರೆ ರಸ್ತೆಯಲ್ಲಿ ಸಾಗಬೇಕು. ಅಂತಾರಾಷ್ಟ್ರೀಯ ಕೌಂಟರುಗಳು ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುವುದರಿಂದ ಕೈಯಲ್ಲಿ ಉಳಿಯುವುದು ಎರಡಲ್ಲ, ಒಂದೇ ಗಂಟೆ. ಮಳೆಗಾಲದಲ್ಲಿ ಬಜ್ಪೆಯ ವಿಮಾನಗಳ ಸಮಯ ಹೇಗಿರುತ್ತದೆಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ.

ಇವೆಲ್ಲ ಏಜೆಂಟನಿಗೆ ಗೊತ್ತು. ಜೀವಮಾನದ ಉಳಿತಾಯವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ವೃದ್ಧೆಗೆ ಗೊತ್ತಿಲ್ಲ. ಪ್ರತ್ಯೇಕ ಟಿಕೆಟು ಮಾರುವುದು ತಪ್ಪಲ್ಲ. ನಡುವೆ ಒಂದು ರಾತ್ರಿಯ ಬಿಡುವಿದ್ದರೆ ಅದರಿಂದ ಬಡವರಿಗೆ ಉಪಕಾರವೂ ಆದೀತು. ಬಚ್ಚಿಡುವುದು ತಪ್ಪು. "ಗಿರಾಕಿ ಕೇಳಲಿಲ್ಲ" ಎಂಬ ನೆಪ ನಿಲ್ಲದು. ಒದ್ದೆಯನ್ನು ತೋರಿಸಬೇಕಾದದ್ದು ಮಾರುವವನು. ಕೊಳ್ಳುವವನು ರಾಶಿಯೊಳಗೆ ಕೈ ಹಾಕಿ ನೋಡಬೇಕೆಂದಿಲ್ಲ. ಇನ್ನು ಕೆಲವರು, "ತವಕ್ಕುಲ್ ಇಡಿ ಉಮ್ಮಾ, ವಿಮಾನ ಸಿಗುತ್ತದೆ" ಎನ್ನುತ್ತಾರೆ. ತಮ್ಮ ಸರಕಿನ ದೋಷವನ್ನು ಅಲ್ಲಾಹನ ಮೇಲಿನ ಭರವಸೆಯಿಂದ ಮುಚ್ಚುವ ಈ ಧೈರ್ಯ ನನಗಂತೂ ಭಯ ಹುಟ್ಟಿಸುತ್ತದೆ.

ಪ್ರಯಾಣಿಕರ ಕಡೆಯೂ ಒದ್ದೆ ಧಾನ್ಯವಿದೆ. ಭಾರತವು 2009ರಲ್ಲಿ ಸೇರಿದ 1999ರ ಮಾಂಟ್ರಿಯಲ್ ಒಪ್ಪಂದದಂತೆ, ಲಗೇಜು ಕಳೆದರೆ, ಹಾಳಾದರೆ ಅಥವಾ ತಡವಾದರೆ ಪ್ರಯಾಣಿಕನು ಪರಿಹಾರ ಕೇಳಬಹುದು. ಅದರ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್.ಡಿ.ಆರ್.; ಇದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಬ್ಯಾಗು ಕಾಣದಿದ್ದರೆ ವಿಮಾನ ನಿಲ್ದಾಣ ಬಿಡುವ ಮೊದಲೇ ಬರಹದಲ್ಲಿ ದೂರು ಕೊಟ್ಟು ಪ್ರತಿ ಪಡೆಯಿರಿ. ತಡವಾಗಿ ಬಂದ ಲಗೇಜಿನ ಪರಿಹಾರಕ್ಕೆ, ಅದು ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಬೇಕು. ಆದರೆ ಆ ಮಿತಿ ಎಲ್ಲರಿಗೂ ಸಿಗುವ ಬಹುಮಾನವಲ್ಲ, ಆದ ನಷ್ಟಕ್ಕಷ್ಟೇ ಪರಿಹಾರ. ಬ್ಯಾಗಿನಲ್ಲಿ ಇಲ್ಲದ ವಾಚು, ಹೊಸ ಸೀರೆಗಳನ್ನು ಪಟ್ಟಿಗೆ ಸೇರಿಸಿ, "ಕಂಪೆನಿಯ ಹಣ ತಾನೇ" ಎನ್ನುವವರು ಉಮ್ರಾದಿಂದ ಏನನ್ನು ಮನೆಗೆ ತಂದರು?

ಔಷಧಿ, ಕಾಗದಪತ್ರ, ಇಹ್ರಾಮಿನ ಬಟ್ಟೆ ಕೈಚೀಲದಲ್ಲೇ ಇರಲಿ. ಜಿದ್ದಾದಲ್ಲಿ ಇಳಿಯುವ ಮೊದಲೇ ವಿಮಾನವು ಮೀಕಾತನ್ನು ದಾಟುತ್ತದೆ.