ಒಪ್ಪಿಸಿದ ನ್ಯಾಸ

ಕಾರ್ಕಳದ ತಾಯಿಯೊಬ್ಬರು ಕ್ಯಾನ್ಸರ್ ಚಿಕಿತ್ಸೆಗಾಗಿ ಮಣಿಪಾಲಕ್ಕೆ ಹೋಗುತ್ತಾರೆ. ಕಾಪುವಿನ ಒಬ್ಬರು ಮಂಗಳೂರಿಗೆ, ಉಡುಪಿಯ ಮತ್ತೊಬ್ಬರು ಬೆಂಗಳೂರಿಗೆ ಹೋಗುತ್ತಾರೆ ಎಂದಿಟ್ಟುಕೊಳ್ಳೋಣ. ಮೂವರ ವಿವರಗಳೂ ಮೂರು ಕಡೆ ಉಳಿಯುತ್ತವೆ. ಅವು ಒಂದೆಡೆ ಸೇರದಿದ್ದರೆ ನಮ್ಮ ಸೀಮೆಯಲ್ಲಿ ಯಾವ ಕ್ಯಾನ್ಸರ್ ಹೆಚ್ಚುತ್ತಿದೆ, ಜನರು ಎಷ್ಟು ತಡವಾಗಿ ವೈದ್ಯರಲ್ಲಿಗೆ ಬರುತ್ತಿದ್ದಾರೆ ಎಂಬುದು ತಿಳಿಯದು.

ಇಂತಹ ಕೊರತೆಯನ್ನು ನೀಗಲೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವು ರೂಪುಗೊಂಡಿತು. ಅದರನ್ವಯ 1982ರಿಂದ ಬೆಂಗಳೂರಿನ ನೋಂದಣಿಯ ಹೊಣೆಯನ್ನು ಕಿದ್ವಾಯಿ ಸಂಸ್ಥೆ ಹೊತ್ತಿತು. ನೋಂದಣಿಯ ವರದಿಗಳು ಅಚ್ಚಾಗುತ್ತವೆ. ಆದರೆ ಒಟ್ಟು ಅಂಕಿಗಳಷ್ಟೇ ಸಾಲದೆಂದೂ, ಪ್ರತಿಯೊಬ್ಬ ರೋಗಿಯ ವಯಸ್ಸು, ರೋಗದ ಹಂತ, ಚಿಕಿತ್ಸೆ ಮತ್ತು ಫಲಗಳ ವಿವರ ಬೇಕೆಂದೂ ಸಂಶೋಧಕರು ಕೇಳುತ್ತಾರೆ. ಕೊಡುವುದು ಧರ್ಮವೇ?

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಎರಡು ಇಲ್ಲಿ ಸ್ಮರಣೀಯ. ಒಂದು ರಹೋಭ್ಯಾಖ್ಯಾನ, ಏಕಾಂತದ ಸಂಗತಿಯನ್ನು ಬಯಲಿಗೆಳೆಯುವುದು. ಇನ್ನೊಂದು ನ್ಯಾಸಾಪಹಾರ: ಇಟ್ಟ ಒಡವೆಯ ಲೆಕ್ಕವನ್ನು ಮರೆತು ಒಡೆಯನು ಕಡಿಮೆ ಕೇಳಿದಾಗ, ಅಷ್ಟನ್ನೇ ಕೊಟ್ಟು ಉಳಿದುದನ್ನು ಇಟ್ಟುಕೊಳ್ಳುವುದು. ರೋಗಿಯ ವಿವರವೂ ಒಂದು ನ್ಯಾಸವೇ. ತನ್ನ ನೋವಿನಿಂದ ಮತ್ತೊಬ್ಬರಿಗೆ ಏನು ಉಪಕಾರವಾಯಿತೆಂದು ಅವನು ಕೇಳಲಾರ. ಕೇಳಲಿಲ್ಲವೆಂದು ಅದನ್ನು ಬೀರುವಿನಲ್ಲಿ ಕೊಳೆಯಿಸುವುದು ಸರಿಯಲ್ಲ.

ಹಾಗೆಂದು ಮೊದಲನೆಯ ದೋಷವನ್ನು ಲಘುವಾಗಿ ಎಣಿಸಲಾಗದು. ಸಣ್ಣ ಊರಿನಲ್ಲಿ ಹೆಸರು ಅಳಿಸಿದರೂ ವಯಸ್ಸು, ಬೀದಿ, ಅಪರೂಪದ ರೋಗ ಇಷ್ಟರಿಂದಲೇ ವ್ಯಕ್ತಿ ಯಾರೆಂದು ತಿಳಿದುಹೋಗುತ್ತದೆ. ಮಗಳ ಸಂಬಂಧ ತಪ್ಪೀತೆಂದು ರೋಗವನ್ನು ಬಚ್ಚಿಡುವ ಮನೆಗಳು ನಮ್ಮಲ್ಲಿಲ್ಲವೇ? ಆದುದರಿಂದ ಹೆಸರಿನೊಡನೆ ಊರನ್ನೂ ಮರೆಮಾಡಬೇಕು. ಸಂಶೋಧನೆಯ ಉದ್ದೇಶವನ್ನು ನೈತಿಕ ಸಮಿತಿ ಪರಿಶೀಲಿಸಬೇಕು. ಪಡೆದವರು ಅನ್ಯರಿಗೆ ದಾಟಿಸಕೂಡದು. ಇಷ್ಟು ಕಟ್ಟುಪಾಡಿನೊಳಗೆ ಕೊಡುವುದು ಅಭಯದಾನಕ್ಕೂ ಔಷಧದಾನಕ್ಕೂ ಸಮ್ಮತವಾದುದು.

ಕಾರ್ಕಳಕ್ಕೆ ಸಮೀಪದ ಮೂಡುಬಿದಿರೆಯು ಧವಳಾದಿ ಸಿದ್ಧಾಂತಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಭಕ್ತಿಯಿಂದ ಕಾಯಿತು. ಆ ರಕ್ಷಣೆಯಿಲ್ಲದಿದ್ದರೆ ಅವು ನಮಗೆ ದಕ್ಕುತ್ತಿರಲಿಲ್ಲ. ಆದರೆ ಬಹುಕಾಲ ಅವು ದರ್ಶನದ ವಸ್ತುವಾಗಿಯೇ ಉಳಿದವು. 1939ರಲ್ಲಿ ಧವಳೆಯ ಮೊದಲ ಸಂಪುಟ ಅಚ್ಚಾದ ಮೇಲೆಯೇ ಅದರ ಜ್ಞಾನ ಲೋಕಕ್ಕೆ ಸಂದಿತು. ಕಾಯುವುದು ಅರ್ಧ ಕರ್ತವ್ಯ. ಅರ್ಹರಿಗೆ ತಲುಪಿಸುವುದು ಉಳಿದರ್ಧ.

ಆರೋಗ್ಯ ತಪಾಸಣಾ ಶಿಬಿರಗಳನ್ನು ನಡೆಸುವ ಬಸದಿಗಳ ಟ್ರಸ್ಟುಗಳು ಇದನ್ನು ಮನಗಾಣಬೇಕು. ಬಂದವರ ಒಪ್ಪಿಗೆ ಪಡೆದು, ವಿವರಗಳನ್ನು ಕ್ರಮವಾಗಿ ಬರೆದಿಟ್ಟು, ಗುಟ್ಟು ಕಾಪಾಡಿ, ಆಸ್ಪತ್ರೆಗೆ ಒಪ್ಪಿಸಲಿ. ಮನೆಯವರು ಆ ಒಪ್ಪಿಗೆಯನ್ನು ದಾನವೆಂದೇ ಭಾವಿಸಲಿ. ಅದನ್ನು ಸ್ವೀಕರಿಸುವವರು ಯಾರೆಂದು ನಾವು ಎಂದೂ ಅರಿಯೆವು; ಅವರೂ ನಮ್ಮನ್ನು ಅರಿಯರು.